ಕಿನ್‌ಲಾಕ್: ವಿಮಾನ ನಿಲ್ದಾಣದ ಪಕ್ಕದಲ್ಲಿ ಬರಿದಾದ ಈ ಊರಿನ ಕಥೆಯೇನು?

ಪ್ರಶ್ನೆ – ಮಿಸೌರಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಏಳು ವರ್ಷಗಳಿಂದ ಸೇಂಟ್ ಲೂಯಿಸ್‌ನ ಹೊರವಲಯದಲ್ಲಿ ವಾಸವಾಗಿದ್ದೇನೆ. ಕಳೆದ ತಿಂಗಳು ಬೆಂಗಳೂರಿನಿಂದ ಷಿಕಾಗೋ ಮೂಲಕ ಬರುತ್ತಿದ್ದ ಅಮ್ಮನನ್ನು ಕರೆತರಲು ಲ್ಯಾಂಬರ್ಟ್ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ವಿಮಾನ ಎರಡು ಗಂಟೆ ತಡವೆಂದು ತಿಳಿದಾಗ, ಹೊತ್ತು ಕಳೆಯಲೆಂದು ನಿಲ್ದಾಣದ ಪೂರ್ವಕ್ಕಿರುವ ರಸ್ತೆಗಳಲ್ಲಿ ಗೊತ್ತುಗುರಿಯಿಲ್ಲದೆ ಕಾರು ಓಡಿಸಿದೆ. 170ನೇ ಹೆದ್ದಾರಿಯನ್ನು ದಾಟಿ ಸ್ವಲ್ಪ ದೂರ ಹೋದ ಮೇಲೆ ಕಂಡ ನೋಟ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅಲ್ಲಿ ರಸ್ತೆಗಳಿವೆ, ರಸ್ತೆಯಂಚಿನ ಕಲ್ಲುಗಳಿವೆ, ಬೆಂಕಿ ಬಿದ್ದಾಗ ನೀರು ಹಿಡಿಯುವ ಕೊಳಾಯಿಗಳಿವೆ, ಅಡ್ಡರಸ್ತೆಗಳ ಮೂಲೆಯಲ್ಲಿ ಹೆಸರಿನ ಫಲಕಗಳೂ ಇವೆ. ಮನೆಗಳು ಮಾತ್ರ ಇಲ್ಲ. ಒಂದೆಡೆ ಹುಲ್ಲಿನ ನಡುವೆ ಮೂರು ಸಿಮೆಂಟು ಮೆಟ್ಟಿಲುಗಳು ಮೇಲೇರಿ ಅಲ್ಲಿಗೇ ನಿಂತಿದ್ದವು. ಹೊಸ್ತಿಲು ಇರಬೇಕಾಗಿದ್ದ ಜಾಗದಲ್ಲಿ ಹಿಪ್ಪುನೇರಳೆ ಗಿಡವೊಂದು ಆಳೆತ್ತರಕ್ಕೆ ಬೆಳೆದಿತ್ತು. ಮನೆಗಳ ನಡುವಿನ ಗಡಿಯಲ್ಲಿ ಯಾರೋ ನೆಟ್ಟ ಮರಗಳು ಸಾಲು ತಪ್ಪದೆ ಉಳಿದಿದ್ದರಿಂದ, ಎಲ್ಲೆಲ್ಲಿ ಎಷ್ಟೆಷ್ಟು ಅಗಲದ ನಿವೇಶನಗಳಿದ್ದವೆಂದು ಲೆಕ್ಕ ಹಾಕಬಹುದಾಗಿತ್ತು. ನಾಲ್ಕೈದು ಖಾಲಿ ಬೀದಿಗಳ ನಂತರ ಒಂದು ಮನೆ, ಅದರ ಜಗಲಿಯ ಮೇಲೆ ಕುರ್ಚಿ, ಕುರ್ಚಿಯಲ್ಲಿ ವಯಸ್ಸಾದ ಮಹಿಳೆಯೊಬ್ಬರು ಕುಳಿತಿದ್ದರು. ನಾನು ಕೈಯೆತ್ತಿದಾಗ ಅವರೂ ಕೈಯೆತ್ತಿದರು.

ಮನೆಗೆ ಬಂದು ಹುಡುಕಿದಾಗ ಆ ಊರಿನ ಹೆಸರು ಕಿನ್‌ಲಾಕ್ ಎಂದೂ, 2020ರ ಜನಗಣತಿಯಲ್ಲಿ ಅಲ್ಲಿ ಇದ್ದವರು 263 ಜನರೆಂದೂ, ಒಂದು ಕಾಲದಲ್ಲಿ ಅಲ್ಲಿ 10,000 ಜನರಿದ್ದರೆಂದೂ ಓದಿದೆ. ಸುತ್ತಲೂ ತುಂಬಿದ ಉಪನಗರಗಳ ನಡುವೆ ಈ ಒಂದು ಊರು ಮಾತ್ರ ಹೀಗಾದದ್ದು ಹೇಗೆ? ಸುಂಟರಗಾಳಿಯೇ, ಕಾರ್ಖಾನೆ ಮುಚ್ಚಿದ್ದೇ, ಬೇರೆ ಏನಾದರೂ ಕಾರಣವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ – ಹಳೆಯ ನಕ್ಷೆ

ಮಿಸೌರಿವಾಸಿಯವರೇ, ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞ. ಸೇಂಟ್ ಲೂಯಿಸ್‌ನಲ್ಲಿ ಹತ್ತಾರು ವರ್ಷ ಕಳೆದ ನಮ್ಮವರಲ್ಲಿಯೂ ಹೆಚ್ಚಿನವರು ಆ ಊರಿನ ಮೇಲಿಂದ ವಿಮಾನದಲ್ಲಿ ಹಾರಿಹೋಗಿದ್ದಾರೆಯೇ ಹೊರತು ಅದರ ಹೆಸರನ್ನು ಕೇಳಿಲ್ಲ. ಸುಂಟರಗಾಳಿಯೂ ಅಲ್ಲ, ಮುಚ್ಚಿದ ಕಾರ್ಖಾನೆಯೂ ಅಲ್ಲ. ಈ ಊರನ್ನು ಮೊದಲು ಬೇಲಿ ಕಟ್ಟಿ ಚಿಕ್ಕದಾಗಿ ಇರಿಸಿದರು, ಅನಂತರ ಒಂದೊಂದೇ ಮನೆಯಾಗಿ ಕೊಂಡು ಕೆಡವಿದರು. ಎರಡನ್ನೂ ಕಾನೂನು ಮತ್ತು ಕಾಗದಪತ್ರಗಳ ಮೂಲಕವೇ ಮಾಡಲಾಯಿತು. ಹಾಗಾಗಿ ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

1876ರಲ್ಲಿ ಸೇಂಟ್ ಲೂಯಿಸ್ ನಗರವು ತನ್ನದೇ ಹೆಸರಿನ ಕೌಂಟಿಯಿಂದ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬೇರ್ಪಟ್ಟು ತನ್ನ ಗಡಿಯನ್ನು ಶಾಶ್ವತವಾಗಿ ಗೆರೆ ಎಳೆದುಕೊಂಡಿತು. ಆಮೇಲೆ ಹೊರಗೆ ಬೆಳೆದ ಯಾವ ಬಡಾವಣೆಯನ್ನೂ ಅದು ತನ್ನೊಳಗೆ ಸೇರಿಸಿಕೊಳ್ಳಲಾಗಲಿಲ್ಲ. ನಮ್ಮಲ್ಲಿ ನಗರಪಾಲಿಕೆಯೊಂದು ಅಕ್ಕಪಕ್ಕದ ಹಳ್ಳಿಗಳನ್ನು ನುಂಗುತ್ತ ಬೆಳೆಯುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಸೇಂಟ್ ಲೂಯಿಸ್ ಕೌಂಟಿಯಲ್ಲಿ ಇಂದಿಗೂ 80ಕ್ಕೂ ಹೆಚ್ಚು ಪುಟ್ಟ ಪುಟ್ಟ ಪುರಸಭೆಗಳಿರಲು ಅದೇ ಮೂಲ. ಪ್ರತಿಯೊಂದಕ್ಕೂ ಅದರದೇ ಮೇಯರ್, ಅದರದೇ ತೆರಿಗೆ, ಎಷ್ಟೋ ಕಡೆ ಅದರದೇ ಪೊಲೀಸ್. ಕಿನ್‌ಲಾಕ್ ಅಂಥವುಗಳಲ್ಲಿ ಒಂದು. ಅದರ ವಿಸ್ತೀರ್ಣ ಹೆಚ್ಚುಕಡಿಮೆ ಮುಕ್ಕಾಲು ಚದರ ಮೈಲಿ.

1890ರ ದಶಕದಲ್ಲಿ, ನಗರಕ್ಕೆ ರೈಲಿನಲ್ಲಿ ಹೋಗಿಬರುವವರಿಗಾಗಿ, ಕಿನ್‌ಲಾಕ್ ಪಾರ್ಕ್ ಎಂಬ ಹೆಸರಿನಲ್ಲಿ ಇಲ್ಲಿ ನಿವೇಶನಗಳನ್ನು ಮಾರಲಾರಂಭಿಸಿದರು. ಬಹುಪಾಲು ಭೂಮಿ ಬಿಳಿಯರಿಗೇ ಮೀಸಲಾಗಿತ್ತು; ಸಣ್ಣದೊಂದು ಭಾಗದಲ್ಲಿ ಮಾತ್ರ ಆಫ್ರಿಕನ್ ಅಮೆರಿಕನ್ನರಿಗೆ ನಿವೇಶನ ಸಿಗುತ್ತಿತ್ತು. ಇಡೀ ಕೌಂಟಿಯಲ್ಲಿ ಕಪ್ಪು ವರ್ಣೀಯರು ಹಣ ಕೊಟ್ಟು ಸ್ವಂತ ನೆಲ ಕೊಳ್ಳಬಹುದಾದ ಜಾಗಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರದ ಕಾರ್ಖಾನೆಗಳತ್ತ ಹೊರಟ ಕುಟುಂಬಗಳಿಗೆ ಇಲ್ಲಿ ಮನೆಯ ಹಿಂದೆ ತರಕಾರಿ ಬೆಳೆಯುವಷ್ಟು, ನಾಲ್ಕು ಕೋಳಿ ಸಾಕುವಷ್ಟು ಜಾಗ ಸಿಕ್ಕಿತು. ನಗರದೊಳಗಿನ ಪರಿಸ್ಥಿತಿ ಹೇಗಿತ್ತೆಂದರೆ, 1916ರಲ್ಲಿ ಸೇಂಟ್ ಲೂಯಿಸ್‌ನ ಮತದಾರರು ಯಾವ ಬೀದಿಯಲ್ಲಿ ಯಾವ ವರ್ಣದವರು ವಾಸಿಸಬೇಕೆಂಬ ಕಾಯಿದೆಯನ್ನೇ ಮತ ಹಾಕಿ ಜಾರಿಗೆ ತಂದಿದ್ದರು. ಮರುವರ್ಷ ಸುಪ್ರೀಂ ಕೋರ್ಟ್ ಇಂಥ ಕಾಯಿದೆಗಳನ್ನು ಅಸಿಂಧುಗೊಳಿಸಿತು. ಆಗ ಅದೇ ನಿರ್ಬಂಧ ಮನೆಗಳ ಕ್ರಯಪತ್ರಗಳೊಳಗೆ ಷರತ್ತಾಗಿ ಸೇರಿಕೊಂಡಿತು. ಆ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದೆಂಬ ತೀರ್ಪು ಬಂದದ್ದು 1948ರಲ್ಲಿ. ಆ ಮೊಕದ್ದಮೆಯ ಮನೆಯೂ ಸೇಂಟ್ ಲೂಯಿಸ್‌ನ ಲಬಾಡಿ ಅವೆನ್ಯೂದಲ್ಲಿಯೇ ಇದೆ.

ಈಗ ಬೇಲಿಯ ವಿಷಯ. ಕಿನ್‌ಲಾಕ್ ಶಾಲಾ ಜಿಲ್ಲೆಯಲ್ಲಿ (ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಪ್ರತ್ಯೇಕ ಆಡಳಿತ ಘಟಕ) ಉತ್ತರ ಭಾಗ ಬಿಳಿಯರದು, ದಕ್ಷಿಣ ಭಾಗ ಕಪ್ಪು ವರ್ಣೀಯರದು. ಕಪ್ಪು ಮತದಾರರ ಸಂಖ್ಯೆ ಹೆಚ್ಚುತ್ತಿರುವಂತೆ ಶಾಲಾ ಮಂಡಳಿ ಅವರ ಕೈಗೆ ಹೋಗುವ ಸಂಭವ ಕಂಡಿತು. 1937ರಲ್ಲಿ ಉತ್ತರ ಭಾಗದವರು ಬರ್ಕ್ಲಿ ಎಂಬ ಪ್ರತ್ಯೇಕ ನಗರವನ್ನು ಸ್ಥಾಪಿಸಿಕೊಂಡು, ಅದರ ಬಲದಿಂದ ಪ್ರತ್ಯೇಕ ಶಾಲಾ ಜಿಲ್ಲೆಯನ್ನೂ ಪಡೆದರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಮೆರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆ ಪ್ರದೇಶದ ಆಸ್ತಿ ತೆರಿಗೆಯಿಂದ ಬರುತ್ತದೆ. 1939ರಲ್ಲಿ ಆರಂಭವಾಗಿ, ಮುಂದೆ ಅಂತರಿಕ್ಷಕ್ಕೆ ಹೋದ ಮರ್ಕ್ಯುರಿ ಮತ್ತು ಜೆಮಿನಿ ನೌಕೆಗಳನ್ನು ಕಟ್ಟಿದ ಮ್ಯಾಕ್‌ಡೊನೆಲ್ ವಿಮಾನ ಕಂಪನಿಯ ತೆರಿಗೆಯ ಲಾಭ ಬರ್ಕ್ಲಿಯ ಕಡೆಗೆ ಹೋಯಿತು. ಕಿನ್‌ಲಾಕ್‌ಗೆ ಉಳಿದದ್ದು ಪುಟ್ಟ ಪುಟ್ಟ ಮನೆಗಳು. ಅಲ್ಲಿನವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿಯೂ ಕಡಿಮೆ ಸೌಲಭ್ಯದ ಶಾಲೆಯಲ್ಲಿ ಮಕ್ಕಳನ್ನು ಓದಿಸಬೇಕಾಯಿತು. 1948ರಲ್ಲಿ ಕಿನ್‌ಲಾಕ್ ತಾನೂ ನಗರವಾಗಿ ನೋಂದಾಯಿಸಿಕೊಂಡಿತು. ಮಿಸೌರಿಯಲ್ಲಿ ಕಪ್ಪು ವರ್ಣೀಯರೇ ಆಡಳಿತ ನಡೆಸಿದ ನಗರಗಳಲ್ಲಿ ಅತ್ಯಂತ ಹಳೆಯದು ಇದೇ. ತಮ್ಮ ಮೇಯರನ್ನು ತಾವೇ ಆರಿಸಿಕೊಂಡು, ಅಂಗಡಿ, ಚರ್ಚು, ಶಾಲೆ, ಅಗ್ನಿಶಾಮಕ ದಳ ಎಲ್ಲವನ್ನೂ ತಾವೇ ನಡೆಸಿದ ಊರು ಅದು. ನಟಿ ಜೆನಿಫರ್ ಲೂಯಿಸ್ 1957ರಲ್ಲಿ ಹುಟ್ಟಿದ್ದು ಅಲ್ಲಿಯೇ.

ಪೂರ್ವಕ್ಕಿರುವ ಫರ್ಗುಸನ್ 1960ರ ದಶಕದವರೆಗೂ ಸೂರ್ಯ ಮುಳುಗಿದ ಮೇಲೆ ಕಪ್ಪು ಜನರು ಕಾಲಿಡಬಾರದ ಊರಾಗಿತ್ತು. ಕಿನ್‌ಲಾಕ್‌ನಿಂದ ಬರುವ ಮುಖ್ಯ ರಸ್ತೆಗೆ ಫರ್ಗುಸನ್ ಸರಪಳಿ ಹಾಕಿ, ಕಟ್ಟಡದ ಸಾಮಗ್ರಿ ಪೇರಿಸಿ ಅಡ್ಡಗಟ್ಟಿತ್ತು. ಇನ್ನೊಂದು ರಸ್ತೆಯನ್ನು ಹಗಲಿನಲ್ಲಿ ಮಾತ್ರ ತೆರೆದಿಡುತ್ತಿದ್ದರು. ಏಕೆಂದರೆ ಮನೆಗೆಲಸದವರು ಮತ್ತು ಮಕ್ಕಳನ್ನು ನೋಡಿಕೊಳ್ಳುವವರು ಕೆಲಸಕ್ಕೆ ಬರಬೇಕಾಗಿತ್ತಲ್ಲ. ಆ ಅಡ್ಡಗಟ್ಟೆಯನ್ನು ತೆಗೆಸಲು 1968ರವರೆಗೆ ಹೋರಾಟ ನಡೆಯಬೇಕಾಯಿತು. ಶಾಲೆಗಳ ಬೇಲಿ ಮುರಿಯಲು ಇನ್ನೂ ಏಳು ವರ್ಷ ಹಿಡಿಯಿತು: 1975ರಲ್ಲಿ ಫೆಡರಲ್ ನ್ಯಾಯಾಲಯವು ಕಿನ್‌ಲಾಕ್ ಮತ್ತು ಬರ್ಕ್ಲಿ ಶಾಲಾ ಜಿಲ್ಲೆಗಳನ್ನು ಫರ್ಗುಸನ್–ಫ್ಲಾರಿಸೆಂಟ್ ಜಿಲ್ಲೆಯೊಂದಿಗೆ ವಿಲೀನಗೊಳಿಸಲು ಆದೇಶಿಸಿತು.

ಉತ್ತರ – ಅಂಕಿಸಂಖ್ಯೆ

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ನಾನು ಜನಸಂಖ್ಯೆಯ ಬಗ್ಗೆ ಮಾತ್ರ ಒಂದು ತಿದ್ದುಪಡಿ ಸೂಚಿಸುತ್ತೇನೆ. 10,000 ಎಂಬ ಸಂಖ್ಯೆ ಲೇಖನದಿಂದ ಲೇಖನಕ್ಕೆ ನಕಲಾಗುತ್ತ ಬಂದಿದೆ, ಆದರೆ ಜನಗಣತಿಯ ಪಟ್ಟಿಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಕಾಣುವುದಿಲ್ಲ. 1960ರಲ್ಲಿ 6,501 ಇತ್ತು. 1970ರಲ್ಲಿ 5,629, 1980ರಲ್ಲಿ 4,455, 1990ರಲ್ಲಿ 2,702. ಅಲ್ಲಿಂದ ಮುಂದಿನ ಹೆಜ್ಜೆಯನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ: 2000ದಲ್ಲಿ 449. ಅನಂತರ 2010ರಲ್ಲಿ 298, 2020ರಲ್ಲಿ 263.

ಈ ಸಾಲನ್ನು ಎರಡು ಭಾಗವಾಗಿ ಓದಬೇಕೆಂದು ನನಗನ್ನಿಸುತ್ತದೆ. 1960ರಿಂದ 1980ರವರೆಗಿನ ಇಳಿಕೆ ನಿಧಾನವಾದದ್ದು. ಬೇರೆಡೆ ಮನೆ ಕೊಳ್ಳುವ ಅವಕಾಶ ಕಾನೂನಿನಿಂದ ತೆರೆದುಕೊಂಡಾಗ ಅನುಕೂಲವಿದ್ದವರು ಹೊರಟುಹೋಗುವುದು ಇಂಥ ಊರುಗಳಲ್ಲೆಲ್ಲ ಕಂಡುಬಂದ ಸಂಗತಿ. 1990ರಿಂದ 2000ದ ನಡುವೆ ಆರರಲ್ಲಿ ಐದು ಪಾಲು ಜನರು ಇಲ್ಲವಾದದ್ದು ಬೇರೆಯೇ ಬಗೆಯದು. ಬದಲಾದ ಮನಸ್ಸಿನಿಂದಾಗಲಿ ಬಡತನದಿಂದಾಗಲಿ ಒಂದು ಊರು ಹತ್ತೇ ವರ್ಷಗಳಲ್ಲಿ ಹೀಗೆ ಬರಿದಾಗುವುದಿಲ್ಲ. ಅಲ್ಲಿ ಯಾರೋ ಮನೆಗಳನ್ನೇ ತೆಗೆದಿದ್ದಾರೆ. 10,000ವನ್ನು ಒಪ್ಪಿಕೊಳ್ಳದಿದ್ದರೂ ನಷ್ಟ ಚಿಕ್ಕದಾಗುವುದಿಲ್ಲ: 1960ರ ಪ್ರತಿ ನೂರು ಜನರ ಜಾಗದಲ್ಲಿ ಈಗ ಉಳಿದಿರುವವರು ನಾಲ್ವರು.

ಉತ್ತರ – ರನ್‌ವೇ ಪಕ್ಕದವ

ಮನೆಗಳನ್ನು ತೆಗೆದದ್ದು ಯಾರೆಂಬುದಕ್ಕೆ ನಾನು ಉತ್ತರಿಸಬಲ್ಲೆ. ನಾನು ಸಿವಿಲ್ ಎಂಜಿನಿಯರ್. ವಿಮಾನ ನಿಲ್ದಾಣಗಳ ಶಬ್ದದ ನಕ್ಷೆಗಳೊಡನೆ ಕೆಲಸ ಮಾಡಿದವನು.

ಲ್ಯಾಂಬರ್ಟ್ ನಿಲ್ದಾಣ ಕೌಂಟಿಯ ನೆಲದಲ್ಲಿದ್ದರೂ ಅದರ ಒಡೆತನ ಸೇಂಟ್ ಲೂಯಿಸ್ ನಗರದ್ದು. ಅಂದರೆ ಕಿನ್‌ಲಾಕ್‌ನವರು ಮತ ಹಾಕಿ ಪ್ರಶ್ನಿಸಬಹುದಾದ ಸಂಸ್ಥೆ ಅದಲ್ಲ. 1979ರಲ್ಲಿ ವಿಮಾನಗಳ ಶಬ್ದ ನಿಯಂತ್ರಣಕ್ಕಾಗಿ ಫೆಡರಲ್ ಕಾನೂನು ಬಂದಿತು. ಅದರ ಪ್ರಕಾರ ನಿಲ್ದಾಣದ ಸುತ್ತ ಹಗಲು ಮತ್ತು ರಾತ್ರಿಯ ಸರಾಸರಿ ಶಬ್ದವನ್ನು ಲೆಕ್ಕ ಹಾಕಿ ನಕ್ಷೆಯ ಮೇಲೆ ಗೆರೆಗಳನ್ನು ಎಳೆಯುತ್ತಾರೆ. ರಾತ್ರಿ 10ರಿಂದ ಬೆಳಗ್ಗೆ 7ರವರೆಗಿನ ಪ್ರತಿ ಹಾರಾಟಕ್ಕೆ 10 ಡೆಸಿಬಲ್ ಹೆಚ್ಚಿಗೆ ಸೇರಿಸುತ್ತಾರೆ. 65 ಡೆಸಿಬಲ್ ಗೆರೆಯ ಒಳಗೆ ಬಿದ್ದ ಮನೆ ವಾಸಕ್ಕೆ ಹೊಂದುವುದಿಲ್ಲವೆಂದು ಎಣಿಕೆ. ಅಂಥ ಮನೆಗೆ ದಪ್ಪ ಕಿಟಕಿ ಹಾಕಿಕೊಡಬಹುದು, ಇಲ್ಲವೇ ಮನೆಯನ್ನೇ ಕೊಂಡು ಕೆಡವಬಹುದು. ಟಿಡಬ್ಲ್ಯುಎ ವಿಮಾನಯಾನ ಸಂಸ್ಥೆ ಲ್ಯಾಂಬರ್ಟ್ ಅನ್ನು ತನ್ನ ಮುಖ್ಯ ಕೇಂದ್ರ ಮಾಡಿಕೊಂಡ 1980ರ ದಶಕದಲ್ಲಿ ಹಾರಾಟಗಳು ಏರಿದವು. ಆ ಕಾಲದ ಜೆಟ್‌ಗಳು ಇಂದಿನವುಗಳಿಗಿಂತ ಬಹಳ ಗದ್ದಲದವು. ರನ್‌ವೇಗಳ ಪೂರ್ವ ತುದಿಯ ನೇರಕ್ಕೆ ಇದ್ದ ಕಿನ್‌ಲಾಕ್‌ನಲ್ಲಿ ಎರಡನೆಯ ದಾರಿಯನ್ನೇ ಹಿಡಿದರು.

ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಸರಿಪಡಿಸಬೇಕು. ಹೊಸ ರನ್‌ವೇ ಕಟ್ಟಲು ಕಿನ್‌ಲಾಕ್ ಕೆಡವಿದರೆಂದು ಹಲವರು ಹೇಳುತ್ತಾರೆ. 2006ರಲ್ಲಿ ಬಳಕೆಗೆ ಬಂದ, ಸುಮಾರು 100 ಕೋಟಿ ಡಾಲರ್ ವೆಚ್ಚದ ಹೊಸ ರನ್‌ವೇ ಇರುವುದು ನಿಲ್ದಾಣದ ಪಶ್ಚಿಮಕ್ಕೆ, ಬ್ರಿಜ್‌ಟನ್‌ನಲ್ಲಿ. ಅದಕ್ಕಾಗಿ ಅಲ್ಲಿ ಸುಮಾರು 2,000 ಮನೆಗಳು ಹೋದವು. ಕಿನ್‌ಲಾಕ್‌ನ ಮನೆಗಳಿದ್ದ ಜಾಗದಲ್ಲಿ ಯಾವ ರನ್‌ವೇಯೂ ಇಲ್ಲ. ಇನ್ನೂ ಸಂಕಟದ ವಿಷಯವೆಂದರೆ, 2000ದಲ್ಲಿ 3 ಕೋಟಿ ದಾಟಿದ್ದ ಲ್ಯಾಂಬರ್ಟ್‌ನ ಪ್ರಯಾಣಿಕರ ಸಂಖ್ಯೆ, 2001ರಲ್ಲಿ ಟಿಡಬ್ಲ್ಯುಎಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡು 2003ರಲ್ಲಿ ಹಾರಾಟಗಳನ್ನು ಕಡಿತಗೊಳಿಸಿದ ಮೇಲೆ ಅರ್ಧಕ್ಕಿಂತ ಕೆಳಗಿಳಿಯಿತು. ಯಾವ ಗದ್ದಲಕ್ಕೆ ಅಂಜಿ ಊರನ್ನು ಖಾಲಿ ಮಾಡಿಸಿದರೋ ಆ ಗದ್ದಲವೇ ತಗ್ಗಿತು.

ಈ ಊರಿನ ಹೆಸರು ವಿಮಾನದೊಂದಿಗೆ ಬೆಸೆದುಕೊಂಡದ್ದು ಬಹಳ ಹಿಂದೆಯೇ ಎಂಬುದನ್ನೂ ಹೇಳದಿರಲಾರೆ. 1910ರ ಅಕ್ಟೋಬರ್ 11ರಂದು, ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಆರ್ಚ್ ಹಾಕ್ಸಿ ಎಂಬ ಚಾಲಕನ ಪಕ್ಕದಲ್ಲಿ ಕುಳಿತು ನಾಲ್ಕು ನಿಮಿಷ ಹಾರಿದ್ದು ಕಿನ್‌ಲಾಕ್ ಮೈದಾನದಿಂದ. ಅಮೆರಿಕದ ಅಧ್ಯಕ್ಷರಾಗಿದ್ದವರು ವಿಮಾನ ಏರಿದ್ದು ಅದೇ ಮೊದಲು. 1912ರ ಮಾರ್ಚ್ 1ರಂದು ಆಲ್ಬರ್ಟ್ ಬೆರಿ ಪ್ಯಾರಾಚೂಟ್ ಹೊತ್ತು ವಿಮಾನವೇರಿ, ಜೆಫರ್ಸನ್ ಬ್ಯಾರಕ್ಸ್‌ನ ಮೇಲೆ ಜಿಗಿಯಲು ಹೊರಟದ್ದೂ ಅದೇ ಮೈದಾನದಿಂದ.

ಉತ್ತರ – ಸಾಗರದವಳು

ನಮ್ಮ ಅಜ್ಜನ ಊರು ಲಿಂಗನಮಕ್ಕಿಯ ಹಿನ್ನೀರಿನೊಳಗಿದೆ. ಹಾಗಾಗಿ ಮಿಸೌರಿವಾಸಿಯವರು ಬರೆದ ಆ ಮೂರು ಮೆಟ್ಟಿಲುಗಳನ್ನು ಓದಿ ಸುಮ್ಮನಿರಲಾಗಲಿಲ್ಲ. ಮುಳುಗಡೆಯ ಊರಿನಿಂದ ಎಲ್ಲರೂ ಒಟ್ಟಿಗೆ ಏಳಬೇಕಾಗುತ್ತದೆ. ನೀರು ಯಾರನ್ನೂ ಬಿಡುವುದಿಲ್ಲ. ಕಿನ್‌ಲಾಕ್‌ನಲ್ಲಿ ನಡೆದದ್ದು ಹಾಗಲ್ಲವೆಂದು ತೋರುತ್ತದೆ. ರನ್‌ವೇ ಪಕ್ಕದವರೇ, ಅಲ್ಲಿ ಮನೆ ಮಾರುವುದು ಒತ್ತಾಯವಾಗಿತ್ತೇ, ಸ್ವಇಚ್ಛೆಯಾಗಿತ್ತೇ? ಬಾಡಿಗೆಗೆ ಇದ್ದವರ ಗತಿಯೇನಾಯಿತು? ನಮ್ಮಲ್ಲಿ ಗೇಣಿದಾರರಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರು ಸೇರಿಸುವುದೇ ಒಂದು ಜನ್ಮದ ಕೆಲಸವಾಗಿತ್ತೆಂದು ಅಜ್ಜಿ ಹೇಳುತ್ತಿದ್ದರು.

ಉತ್ತರ – ರನ್‌ವೇ ಪಕ್ಕದವ

ಮೇಡಂ, ನೀವು ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದೀರಿ. ಶಬ್ದದ ಕಾರಣಕ್ಕೆ ನಡೆಯುವ ಖರೀದಿ ಸಾಮಾನ್ಯವಾಗಿ ಸ್ವಇಚ್ಛೆಯದು. ಮೌಲ್ಯಮಾಪಕರು ಬಂದು ಮಾರುಕಟ್ಟೆ ಬೆಲೆ ಗೊತ್ತುಮಾಡುತ್ತಾರೆ, ಒಪ್ಪಿದವರು ಮಾರುತ್ತಾರೆ. ಬಾಡಿಗೆದಾರರಿಗೂ ಸ್ಥಳಾಂತರದ ನೆರವು ಕೊಡಬೇಕೆಂಬ ಫೆಡರಲ್ ಕಾನೂನು 1970ರಿಂದ ಇದೆ. ಆದರೆ ನೆರವು ಸಿಗುವುದು ಕುಟುಂಬಕ್ಕೆ, ಬೀದಿಗೆ ಸಿಗುವುದಿಲ್ಲ. ಬೀದಿಯಲ್ಲಿ ಹತ್ತು ಮನೆಗಳಿದ್ದು ನಾಲ್ಕು ಮಾರಾಟವಾದರೆ, ಆ ನಾಲ್ಕನ್ನು ಕೆಡವಿದ ದಿನವೇ ಉಳಿದ ಆರರ ಬೆಲೆ ಇಳಿಯುತ್ತದೆ. ಅಂಗಡಿಗೆ ಗಿರಾಕಿಗಳು ಕಡಿಮೆಯಾಗುತ್ತಾರೆ, ಅಂಗಡಿ ಮುಚ್ಚುತ್ತದೆ. ನಿಲ್ದಾಣದ ಹೆಸರಿಗೆ ಹೋದ ನೆಲ ಸರ್ಕಾರಿ ಆಸ್ತಿಯಾದ್ದರಿಂದ ಅದರಿಂದ ತೆರಿಗೆ ಬರುವುದಿಲ್ಲ. ತೆರಿಗೆ ಇಲ್ಲದ ಪುರಸಭೆ ಬೀದಿದೀಪ, ಕಸ, ಪೊಲೀಸ್ ಯಾವುದನ್ನೂ ನಡೆಸಲಾರದು. ಐದನೆಯವರು ಸಹಿ ಹಾಕುವಾಗ ಅದನ್ನೂ ಕಾಗದದ ಮೇಲೆ ಸ್ವಇಚ್ಛೆ ಎಂದೇ ಬರೆಯುತ್ತಾರೆ. ಕೊನೆಯವರ ಸರದಿ ಬರುವಷ್ಟರಲ್ಲಿ ಆ ಪದಕ್ಕೆ ಎಷ್ಟು ಅರ್ಥ ಉಳಿದಿತ್ತೆಂಬುದನ್ನು ನೀವೇ ಯೋಚಿಸಿ. ಈ ವೃತ್ತಿಯಲ್ಲಿ ಇದ್ದವನಾಗಿ ನನಗೆ ಇದು ನೆಮ್ಮದಿ ಕೊಡುವ ವಿಷಯವಲ್ಲ.

ಶಬ್ದ ನಿಯಂತ್ರಣದ ಹಣದಿಂದ ಕೊಂಡ ನೆಲವನ್ನು ಮತ್ತೆ ವಾಸದ ಮನೆಗಳಿಗೆ ಕೊಡುವಂತಿಲ್ಲ, ಗೋದಾಮು ಕಾರ್ಖಾನೆಗಳಿಗೆ ಕೊಡಬಹುದು. ಆದ್ದರಿಂದಲೇ ಕಿನ್‌ಲಾಕ್, ಬರ್ಕ್ಲಿ, ಫರ್ಗುಸನ್ ಮೂರರ ನೆಲ ಸೇರಿಸಿ ನಾರ್ತ್‌ಪಾರ್ಕ್ ಎಂಬ ಕೈಗಾರಿಕಾ ವಲಯ ಎದ್ದಿದೆ. ಸೇಂಟ್ ಲೂಯಿಸ್‌ನವರು ವಾರವಾರವೂ ದಿನಸಿಗೆ ಹೋಗುವ ಶ್ನಕ್ಸ್ ಮಳಿಗೆಗಳ ದೊಡ್ಡ ಗೋದಾಮು ಇರುವುದು ಅಲ್ಲಿಯೇ. ನಮ್ಮ ಮನೆಗಳ ಹಾಲು ಮೊಸರು ಆ ಬೀದಿಗಳ ಮೇಲೆಯೇ ಹಾದು ಬರುತ್ತದೆ.

ಪ್ರತಿಕ್ರಿಯೆ – ಮಿಸೌರಿವಾಸಿ

ಎಲ್ಲರಿಗೂ ಧನ್ಯವಾದಗಳು. ಒಂದೇ ಪ್ರಶ್ನೆ ಉಳಿದಿದೆ: ಅಲ್ಲಿಂದ ಹೊರಟವರು ಎಲ್ಲಿಗೆ ಹೋದರು?

ಉತ್ತರ – ಹಳೆಯ ನಕ್ಷೆ

ಎಲ್ಲರೂ ಒಂದೇ ಕಡೆಗೆ ಹೋಗಲಿಲ್ಲ, ಆದರೆ ಹಲವು ಕುಟುಂಬಗಳು ಪಕ್ಕದ ಉಪನಗರಗಳ ಅಪಾರ್ಟ್‌ಮೆಂಟುಗಳಿಗೆ ಹೋದವು. ಅವುಗಳಲ್ಲಿ ಫರ್ಗುಸನ್ ಮುಖ್ಯವಾದದ್ದು. ಸರಪಳಿ ಹಾಕಿದ್ದ ಅದೇ ಫರ್ಗುಸನ್. 1970ರಲ್ಲಿ ಅಲ್ಲಿನ ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ಶೇಕಡಾ ಒಂದಕ್ಕಿಂತ ಕಡಿಮೆ ಇದ್ದರು. 1980ರಲ್ಲಿ ಶೇ 14, 1990ರಲ್ಲಿ ಶೇ 25, 2000ದಲ್ಲಿ ಶೇ 52, 2010ರಲ್ಲಿ ಶೇ 67 ಆದರು. ಇದರಲ್ಲಿ ಸೇಂಟ್ ಲೂಯಿಸ್ ನಗರದಿಂದ ಬಂದವರ ಪಾಲೂ ದೊಡ್ಡದಿದೆ. ಎಲ್ಲವನ್ನೂ ಕಿನ್‌ಲಾಕ್‌ನ ಲೆಕ್ಕಕ್ಕೆ ಬರೆಯಲಾಗದು. ಜನ ಬದಲಾದಷ್ಟು ಬೇಗ ಪುರಸಭೆಯಾಗಲಿ ಪೊಲೀಸ್ ದಳವಾಗಲಿ ಬದಲಾಗಲಿಲ್ಲ. 2014ರ ಆಗಸ್ಟ್ 9ರಂದು ಮೈಕೇಲ್ ಬ್ರೌನ್ ಎಂಬ 18 ವರ್ಷದ ಯುವಕ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದಾಗ ಇಡೀ ಜಗತ್ತು ಫರ್ಗುಸನ್‌ನ ಹೆಸರು ಕೇಳಿತು. ಆ ದಿನಗಳಲ್ಲಿ ಬಂದ ವರದಿಗಾರರಲ್ಲಿ ಎಷ್ಟೋ ಮಂದಿ ಲ್ಯಾಂಬರ್ಟ್‌ನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಕಿನ್‌ಲಾಕ್‌ನ ಖಾಲಿ ಬೀದಿಗಳ ಮಗ್ಗುಲಿನಿಂದಲೇ ಫರ್ಗುಸನ್‌ಗೆ ಹೋಗಿರಬೇಕು.

ಪ್ರತಿಕ್ರಿಯೆ – ಮಿಸೌರಿವಾಸಿ

ಈ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದ ಮೇಲೆ, ಕಳೆದ ಭಾನುವಾರ ಬೆಳಗ್ಗೆ ಅವರನ್ನೂ ಕರೆದುಕೊಂಡು ಕಿನ್‌ಲಾಕ್‌ಗೆ ಮತ್ತೆ ಹೋಗಿಬಂದೆ. ಮನೆಗಳಿಲ್ಲದ ಬೀದಿಯೊಂದರ ಕೊನೆಯಲ್ಲಿ ಇಟ್ಟಿಗೆಯ ಚರ್ಚಿನ ಮುಂದೆ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ನಿಂತಿದ್ದವು. ಹೊರಗೆ ನಿಂತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. ಅವರು ಈಗ ವಾಸವಿರುವುದು ಅಲ್ಲಿಂದ ಅರ್ಧ ಗಂಟೆ ದೂರದಲ್ಲಂತೆ. ಪ್ರತಿ ಭಾನುವಾರವೂ ಬರುತ್ತಾರಂತೆ. ಅವರ ಮನೆ ಎಲ್ಲಿತ್ತೆಂದು ಅಮ್ಮ ಕನ್ನಡದಲ್ಲಿಯೇ ಕೇಳಿದರು, ನಾನು ಅವರಿಗೆ ತಿಳಿಸಿದೆ. ಅವರು ರಸ್ತೆಯ ಆಚೆಗೆ ಕೈ ತೋರಿಸಿ, ಎರಡು ಮರಗಳ ನಡುವೆ ಇದು ಅಡುಗೆಮನೆ, ಇದು ನಮ್ಮಮ್ಮನ ಕೋಣೆ ಎಂದು ಹೇಳುತ್ತಿದ್ದಾಗ ವಿಮಾನವೊಂದು ತಲೆಯ ಮೇಲೆ ಬಂದಿತು. ಅದು ದಾಟಿಹೋಗುವವರೆಗೆ ಮಾತು ನಿಲ್ಲಿಸಿ, ಶಬ್ದ ಅಡಗಿದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸಿದರು: ಹಿತ್ತಿಲಿನಲ್ಲಿ ಪೇರ್ ಮರವಿತ್ತು, ಅದು ಇನ್ನೂ ಕಾಯಿ ಬಿಡುತ್ತದೆ.